ಮನೆಗೆ ಟಿವಿ ಮತ್ತು ಆಟದ ಯಂತ್ರ: ಕೊಳ್ಳುವ ಮೊದಲು ತಿಳಿದಿರಬೇಕಾದುದು

ಮಂಗಳೂರಿನಿಂದ ಹೊರಟ ರಾತ್ರಿ ಬಸ್ಸು ಹಾಸನ, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬರುವಾಗ ಬೆಳಕು ಹರಿಯುತ್ತಿರುತ್ತದೆ. ಹಿಂದೆ ನಮ್ಮವರಲ್ಲಿ ಅಲ್ಲಿ ಇಳಿಯುವವರು ವಿರಳ. ಎಲ್ಲರೂ ಮೆಜೆಸ್ಟಿಕ್ ತನಕ ಹೋಗುವವರೇ. ಈಗ ಹಾಗಿಲ್ಲ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಈ ನಾಲ್ಕು ತಾಲೂಕುಗಳಲ್ಲಿ ಕರಾವಳಿಯ ಕುಟುಂಬಗಳು ಮನೆ ಮಾಡಿಕೊಂಡಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಕಡೆಯ ವಸತಿ, ಕಾರ್ಖಾನೆ, ಗೋದಾಮುಗಳೆಲ್ಲ ಬೆಳೆದವು. ಕೆಲಸದ ಹಿಂದೆ ಜನರೂ ಹೋದರು. ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತಾದರೂ ಜನರ ಬಾಯಲ್ಲಿ ಅದು ಇನ್ನೂ ಗ್ರಾಮಾಂತರವೇ.

ಅಂತಹ ಒಂದು ಮನೆಗೆ, ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಬಳಿ, ನಾವು ಇತ್ತೀಚೆಗೆ ಹೋಗಿದ್ದೆವು. ಮನೆಯ ಯಜಮಾನರು ಕಾರ್ಖಾನೆಯಲ್ಲಿ ಪಾಳಿ ಕೆಲಸದವರು, ಪತ್ನಿ ದಾದಿ, ಮಗ ಒಂಬತ್ತನೇ ತರಗತಿ. ಬೆಳ್ತಂಗಡಿ ಕಡೆಯಿಂದ ಬಂದಿರುವ ಅಜ್ಜಿಗೆ ಕಿವಿ ಮಂದ. ಮುಂಗಾರುಪೂರ್ವ ಮಳೆಯ ಒಂದು ಸಂಜೆ ಸಿಡಿಲಿಗೆ ಹಳೆಯ ಟಿವಿ ಸುಟ್ಟುಹೋಗಿತ್ತು. ಹೊಸ ಟಿವಿ, ಜೊತೆಗೆ ಮಗನಿಗೆ ಆಟದ ಯಂತ್ರ, ಒಂದು ಸ್ಪೀಕರ್ ಎಂದು ಅಂಗಡಿಯವರು ಬರೆದುಕೊಟ್ಟ ಚೀಟಿ ಮೇಜಿನ ಮೇಲಿತ್ತು. ಎಲ್ಲವೂ ಕಂತಿನಲ್ಲಿ. "ಫಾದರ್, ಇದಕ್ಕೆ ಸಹಿ ಹಾಕಬಹುದಾ, ನೀವೊಮ್ಮೆ ನೋಡಿ ಹೇಳಿ" ಎಂದರು.

ಧರ್ಮಕೇಂದ್ರಗಳ ಭೇಟಿಯಲ್ಲಿ ಇಂತಹ ಪ್ರಶ್ನೆಯನ್ನು ನಾವು ಪದೇ ಪದೇ ಕೇಳುತ್ತಿದ್ದೇವೆ. ಎರಡು ಮೂರು ತಿಂಗಳ ಸಂಬಳ ಒಂದೇ ಸಂಜೆಯಲ್ಲಿ ಖರ್ಚಾಗುವ ವಿಷಯವಿದು. ಆದುದರಿಂದ ಆ ದಿನ ಅವರೊಂದಿಗೆ ಕುಳಿತು ವಿಚಾರಿಸಿದುದನ್ನು ಕ್ರಮವಾಗಿ ಇಲ್ಲಿ ಕೊಡುತ್ತಿದ್ದೇವೆ. ಕರಾವಳಿಯ ಮನೆಗಳಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಮೊದಲು ಟೇಪು ಹಿಡಿಯಿರಿ

ಚೀಟಿಯಲ್ಲಿದ್ದುದು 65 ಇಂಚಿನ ಟಿವಿ. ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ, ಅಗಲವಲ್ಲ. ಇಂದಿನ ಟಿವಿಗಳ ಅಗಲ ಆ ಅಳತೆಯ ಸುಮಾರು ಶೇಕಡಾ 87ರಷ್ಟಿರುತ್ತದೆ. 43 ಇಂಚಿನದು 95 ಸೆಂಟಿಮೀಟರ್, 55 ಇಂಚಿನದು 122 ಸೆಂಟಿಮೀಟರ್, 65 ಇಂಚಿನದು 144 ಸೆಂಟಿಮೀಟರ್ ಅಗಲ. ಆ ಮನೆಯ ಹಾಲ್‌ನಲ್ಲಿ ಬಾಗಿಲಿಗೂ ಕಿಟಕಿಗೂ ನಡುವೆ ಇದ್ದ ಗೋಡೆ ನಾಲ್ಕೂವರೆ ಅಡಿ, ಅಂದರೆ 137 ಸೆಂಟಿಮೀಟರ್. ಮುಂಗಡ ಕೊಡಲು ಹೊರಟಿದ್ದ ಟಿವಿ ಆ ಗೋಡೆಯಲ್ಲಿ ಹಿಡಿಸುವುದೇ ಇಲ್ಲ! ಮನೆಯಲ್ಲಿ ಯಾರೂ ಅಳೆದಿರಲಿಲ್ಲ, ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.

ಎರಡನೆಯ ಅಳತೆ ಕೂರುವ ಜಾಗದಿಂದ ಪರದೆಗೆ ಇರುವ ದೂರ. ಅದನ್ನು ಇಂಚಿನಲ್ಲಿ ಬರೆದುಕೊಂಡು 1.6ರಿಂದ ಭಾಗಿಸಿದರೆ ಸಿನೆಮಾ ನೋಡಲು ತೃಪ್ತಿಕರವಾದ ಗಾತ್ರ ಸಿಗುತ್ತದೆ. ಹಾಗೆ ಕುಳಿತಾಗ ಪರದೆ ನಮ್ಮ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲಕ್ಕೆ ಕಾಣುತ್ತದೆ. ವಾರ್ತೆ, ಧಾರಾವಾಹಿ ನೋಡುವುದೇ ಹೆಚ್ಚೆಂದಾದರೆ 2ರಿಂದ ಭಾಗಿಸಿದರೂ ಸಾಕು. ಆರು ಅಡಿ ದೂರಕ್ಕೆ 43 ಇಂಚು, ಎಂಟು ಅಡಿಗೆ 55 ಇಂಚು, ಹತ್ತು ಅಡಿಗೆ 65 ಇಂಚು ಎಂದು ನೆನಪಿಟ್ಟುಕೊಳ್ಳಬಹುದು. ಆ ಮನೆಯ ಸೋಫಾ ಎಂಟು ಅಡಿ ದೂರದಲ್ಲಿತ್ತು. ಗೋಡೆ ಹೇಳಿದ್ದೂ 55, ಕಣ್ಣು ಹೇಳಿದ್ದೂ 55.

ಮೂರನೆಯದು ಎತ್ತರ. ಬಾಗಿಲಿನ ಮೇಲ್ಪಟ್ಟಿಯ ಸಮಕ್ಕೆ ಟಿವಿ ತೂಗುಹಾಕುವ ರೂಢಿ ನಮ್ಮಲ್ಲಿದೆ. ಅರ್ಧ ಗಂಟೆ ತಲೆಯೆತ್ತಿ ನೋಡಿದರೆ ಕುತ್ತಿಗೆಯೇ ಅದರ ತಪ್ಪನ್ನು ಹೇಳುತ್ತದೆ. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು. ಸೋಫಾದಲ್ಲಿ ಕೂರುವವರಿಗೆ ಇದು ನೆಲದಿಂದ ಸುಮಾರು ಮೂರೂವರೆ ಅಡಿ. ಚಾಪೆಯ ಮೇಲೆ ಕೂರುವ ಮನೆಯಾದರೆ ಇನ್ನೂ ತಗ್ಗು. ಕಿಟಕಿಗೆ ಎದುರಾಗಿ ಟಿವಿ ಇಟ್ಟರೆ ಹಗಲಿನಲ್ಲಿ ಚಿತ್ರಕ್ಕಿಂತ ಕಿಟಕಿಯೇ ಹೆಚ್ಚು ಕಾಣುತ್ತದೆ.

ಗೋಡೆ ಎಂತಹುದು ಎಂಬುದನ್ನೂ ನೋಡಬೇಕು. ಹೊಸ ಬಡಾವಣೆಗಳಲ್ಲಿ ಟೊಳ್ಳು ಬ್ಲಾಕ್ ಅಥವಾ ಹಗುರ ಬ್ಲಾಕಿನ ಗೋಡೆಗಳು ಹೆಚ್ಚು. ಕಲ್ಲು, ಇಟ್ಟಿಗೆ ಗೋಡೆಗೆ ಹೊಡೆಯುವ ಸಾಧಾರಣ ಬಿರಡೆ ಅಲ್ಲಿ ಹಿಡಿಯುವುದಿಲ್ಲ; ಅದಕ್ಕೆಂದೇ ಬೇರೆ ಆಂಕರ್‌ಗಳಿವೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆದು ಕೊರೆಯಿರಿ. ಮೇಜಿನ ಮೇಲೆ ಇಡುವುದಾದರೆ ಟಿವಿಯ ಹಿಂಬದಿಯನ್ನು ಪಟ್ಟಿಯಿಂದ ಗೋಡೆಗೆ ಬಿಗಿಯುವುದು ಅಗತ್ಯ. ಎದ್ದುನಿಲ್ಲಲು ಕಲಿಯುವ ಮಗು ಮೊದಲು ಹಿಡಿಯುವುದು ಮೇಜಿನ ಅಂಚನ್ನೇ. ಟಿವಿ ಮಗುಚಿ ಮಕ್ಕಳು ಪ್ರಾಣಕ್ಕೆ ಎರವಾದ ಘಟನೆಗಳು ಅನೇಕ ದೇಶಗಳಲ್ಲಿ ನಡೆದಿವೆ.

ಪರದೆಯ ಬಗೆಗಳು

ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಹೆಸರುಗಳು ನಾಲ್ಕಾದರೂ ಮೂಲದಲ್ಲಿ ಬಗೆಗಳು ಎರಡೇ. ಮೊದಲ ಮೂರರಲ್ಲಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದಿನಿಂದ ದೀಪದ ಬೆಳಕು ಬೀಳುತ್ತದೆ. ಬಣ್ಣಗಳನ್ನು ಹೆಚ್ಚಿಸುವ ತೆಳುಪದರ ಸೇರಿಸಿದರೆ ಅದು ಕ್ಯೂಎಲ್‌ಇಡಿ. ಹಿಂದಿನ ದೀಪಗಳನ್ನು ಬಹಳ ಸಣ್ಣದು ಮಾಡಿ, ಬೇಕಾದಲ್ಲಿ ಬೆಳಗಿಸಿ ಬೇಡವಾದಲ್ಲಿ ಆರಿಸುವಂತೆ ಗುಂಪುಗಳಾಗಿ ಜೋಡಿಸಿದರೆ ಮಿನಿ ಎಲ್‌ಇಡಿ. ಓಎಲ್‌ಇಡಿಯಲ್ಲಿ ಮಾತ್ರ ಪ್ರತಿಯೊಂದು ಬಿಂದುವೂ ತನ್ನಷ್ಟಕ್ಕೆ ಬೆಳಗುತ್ತದೆ, ತನ್ನಷ್ಟಕ್ಕೆ ಆರುತ್ತದೆ. ಆದುದರಿಂದ ಅದರಲ್ಲಿ ಕಪ್ಪು ನಿಜವಾದ ಕಪ್ಪಾಗಿರುತ್ತದೆ.

ಹಾಗಾದರೆ ಓಎಲ್‌ಇಡಿಯೇ ಒಳ್ಳೆಯದೇ? ಕತ್ತಲೆ ಕೋಣೆಯಲ್ಲಿ ಸಿನೆಮಾ ನೋಡುವವರಿಗೆ ಹೌದು. ಆದರೆ ಅದರ ಬೆಲೆ ಹೆಚ್ಚು. ಒಂದೇ ವಾರ್ತಾ ವಾಹಿನಿಯನ್ನು ದಿನವಿಡೀ ಹಾಕಿಡುವ ಮನೆಯಲ್ಲಿ, ವಾಹಿನಿಯ ಗುರುತು ಹಾಗೂ ಕೆಳಗೆ ಓಡುವ ಪಟ್ಟಿಯ ನೆರಳು ಕಾಲಕ್ರಮೇಣ ಪರದೆಯಲ್ಲಿ ಉಳಿದುಬಿಡುವ ಸಾಧ್ಯತೆ ಇದೆ. ಆಟಗಳಲ್ಲಿ ಒಂದೇ ಕಡೆ ನಿಂತಿರುವ ಅಂಕಪಟ್ಟಿಗೂ ಇದೇ ಮಾತು. ಹಗಲು ಬೆಳಕು ತುಂಬುವ, ಹಲವರು ಹಲವು ಬಗೆಯಲ್ಲಿ ಬಳಸುವ ಹಾಲ್‌ಗೆ ಒಂದು ಒಳ್ಳೆಯ ಎಲ್‌ಇಡಿ ಅಥವಾ ಕ್ಯೂಎಲ್‌ಇಡಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯ ಮೇಲಿನ ಎರಡು ಮಾತುಗಳ ಬಗ್ಗೆ ಎಚ್ಚರವಿರಲಿ. ಒಂದು, ಎಚ್‌ಡಿಆರ್. ಈ ಹೆಸರು ಅಗ್ಗದ ಟಿವಿಗಳ ಮೇಲೂ ಇರುತ್ತದೆ. ಆ ಬಗೆಯ ಚಿತ್ರವನ್ನು ಸ್ವೀಕರಿಸಬಲ್ಲದು ಎಂದಷ್ಟೇ ಅದರ ಅರ್ಥ. ಅದನ್ನು ತೋರಿಸಲು ಬೇಕಾದಷ್ಟು ಪ್ರಕಾಶ ಪರದೆಗಿದೆ ಎಂದಲ್ಲ. ಎರಡು, ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಎಂಬ ಸಂಖ್ಯೆ. ನಿಜದಲ್ಲಿ 60 ಹರ್ಟ್ಸ್ ಇರುವ ಪರದೆಗೆ ಬೇರೇನೋ ಹೆಸರು ಕೊಟ್ಟು 120 ಎಂದು ಬರೆಯುವುದುಂಟು. ಪರದೆಯ ಮೂಲ ಹರ್ಟ್ಸ್ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಪ್ರೊಜೆಕ್ಟರ್ ಕೊಳ್ಳೋಣವೇ ಎಂದು ಕೇಳುವವರೂ ಇದ್ದಾರೆ. ಕಡಿಮೆ ಬೆಲೆಗೆ ಗೋಡೆ ತುಂಬ ಚಿತ್ರ ಎಂಬ ಆಸೆ ಸಹಜ. ಆದರೆ ಹಗಲು ಬೆಳಕಿನಲ್ಲಿ ಅಗ್ಗದ ಪ್ರೊಜೆಕ್ಟರ್ ಪ್ರಯೋಜನಕ್ಕಿಲ್ಲ. 'ಫುಲ್ ಎಚ್‌ಡಿ ಬೆಂಬಲವಿದೆ' ಎಂಬ ಬರಹವೂ ದಾರಿ ತಪ್ಪಿಸುತ್ತದೆ: ಒಳಗೆ ಬರುವ ಚಿತ್ರ ಫುಲ್ ಎಚ್‌ಡಿ, ಗೋಡೆಗೆ ಬೀಳುವುದು ಅದಕ್ಕಿಂತ ಕೆಳಮಟ್ಟದ್ದು. ಅದರ ಮೂಲ ರೆಸೊಲ್ಯೂಷನ್ ಮತ್ತು ಆನ್ಸಿ ಲೂಮೆನ್ ಎಂಬ ಅಳತೆ, ಇವೆರಡನ್ನೇ ಕೇಳಬೇಕು.

ಆಟಕ್ಕೆ ಬೇಕಾದುದು

ಸಿನೆಮಾ ನೋಡುವವರು ಸುಮ್ಮನೆ ಕೂರುತ್ತಾರೆ. ಆಡುವವರು ಗುಂಡಿ ಒತ್ತುತ್ತಾರೆ. ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ಆಗುವ ವಿಳಂಬವೇ ಆಟದ ಟಿವಿಯ ಮುಖ್ಯ ಪರೀಕ್ಷೆ. ಟಿವಿಗಳು ಚಿತ್ರವನ್ನು ಚೆಂದಗಾಣಿಸಲು ಒಳಗೆ ಬಹಳಷ್ಟು ಕೆಲಸ ಮಾಡುತ್ತವೆ. ಆ ಕೆಲಸಕ್ಕೆ ಸಮಯ ಬೇಕು. 'ಗೇಮ್ ಮೋಡ್' ಹಾಕಿದರೆ ಆ ಕೆಲಸಗಳು ನಿಂತು ವಿಳಂಬ ಇಳಿಯುತ್ತದೆ. ಟಿವಿ ಹಾಳಾಗಿದೆ ಎಂದು ದೂರುವ ಹುಡುಗರಲ್ಲಿ ಎಷ್ಟೋ ಮಂದಿ ಈ ಒಂದು ಸೆಟ್ಟಿಂಗ್ ನೋಡಿರುವುದಿಲ್ಲ.

ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು, 120 ಆದರೆ 8.3. 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಹಾಗೂ ಅದಕ್ಕೆ ಮೂರು ತಿಂಗಳು ಮೊದಲು ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ 4ಕೆ ಚಿತ್ರವನ್ನು 120ರ ವೇಗದಲ್ಲಿ ಕಳಿಸಬಲ್ಲವು. ಅದಕ್ಕೆ ಟಿವಿಯಲ್ಲಿ 120 ಹರ್ಟ್ಸ್ ಪರದೆಯೂ ಎಚ್‌ಡಿಎಂಐ 2.1 ಎಂಬ ರಂಧ್ರವೂ ಬೇಕು. ಆದರೆ ಬಹುಪಾಲು ಆಟಗಳು 60ರಲ್ಲಿ ಅಥವಾ ಅದಕ್ಕೂ ಕೆಳಗೆ ಓಡುವಂತಹವು. ಸ್ಪರ್ಧೆಗಾಗಿ ಆಡುವವರ ಹೊರತು ಉಳಿದವರು 60 ಹರ್ಟ್ಸ್ ಟಿವಿಯಲ್ಲೇ ಸಂತೋಷವಾಗಿ ಆಡಬಹುದು.

ಯಂತ್ರ ಕೊಳ್ಳುವಾಗ ಡಿಸ್ಕ್ ಹಾಕುವ ಮಾದರಿಯೋ ಡಿಸ್ಕ್ ಇಲ್ಲದ ಮಾದರಿಯೋ ಎಂಬುದೊಂದು ಪ್ರಶ್ನೆ. ಡಿಸ್ಕ್ ಇಲ್ಲದ್ದು ಕೊಳ್ಳುವ ದಿನ ಅಗ್ಗ. ಆದರೆ ಹೊಸ ದೊಡ್ಡ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೀಳುತ್ತದೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಚಿಕ್ಕಪ್ಪನ ಮಗನಿಗೆ ಕೊಟ್ಟು ಅವನದನ್ನು ತರಬಹುದು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಆಟವನ್ನು ಹಾಗೆ ಮಾಡಲು ಬರುವುದಿಲ್ಲ. ಹಣಕೊಟ್ಟು ಕೊಂಡ ಆಟಗಳನ್ನು ದೂರದ ಗೆಳೆಯರೊಂದಿಗೆ ಆಡಲು ಬೇರೆಯೇ ಚಂದಾ ಕೊಡಬೇಕೆಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಮನೆಯಲ್ಲಿ ಮಗ ಅಥವಾ ಮಗಳ ಓದಿಗೆ ಕಂಪ್ಯೂಟರ್ ಕೊಳ್ಳುವ ಯೋಚನೆ ಇದ್ದರೆ ಇನ್ನೊಂದು ದಾರಿಯಿದೆ. ತಕ್ಕಮಟ್ಟಿನ ಗ್ರಾಫಿಕ್ಸ್ ಇರುವ ಒಂದೇ ಕಂಪ್ಯೂಟರಿನಲ್ಲಿ ಓದೂ ಆಟವೂ ನಡೆಯುತ್ತದೆ. ಬೇಕೆಂದಾಗ ಒಂದು ತಂತಿಯಿಂದ ಟಿವಿಗೆ ಜೋಡಿಸಬಹುದು. ಎರಡು ವರ್ಷದ ನಂತರ ಪಿಯುಸಿಗೆ ಲ್ಯಾಪ್‌ಟಾಪ್ ಬೇಕಾಗುವ ಮನೆಯಲ್ಲಿ ಇಂದು ಆಟದ ಯಂತ್ರಕ್ಕೆ ಹಣ ಸುರಿಯುವ ಮೊದಲು ಇದನ್ನು ಯೋಚಿಸುವುದು ಒಳಿತು.

ಇನ್ನೊಂದು ಸ್ಥಳೀಯ ಸಂಗತಿ. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಅಕ್ಕಪಕ್ಕದಲ್ಲಿ ಮಗ್ಗವಿದ್ದರೆ ನೂಲಿನ ನಯವಾದ ಧೂಳು ಮನೆಯೊಳಗೂ ಬರುತ್ತದೆ. ಆಟದ ಯಂತ್ರದ ಗಾಳಿಕಿಂಡಿಗಳಲ್ಲಿ ಅದು ಕಟ್ಟಿಕೊಂಡರೆ ಯಂತ್ರ ಕಾದು ತಾನಾಗಿ ನಿಲ್ಲುತ್ತದೆ. ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಸುತ್ತ ನಾಲ್ಕು ಬೆರಳಿನಷ್ಟಾದರೂ ಜಾಗವಿರಲಿ. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಕರಾವಳಿಯಲ್ಲಿ ಧೂಳಿನ ಬದಲು ಉಪ್ಪುಗಾಳಿ ಮತ್ತು ತೇವ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಚ್ಚದೆ ಇಡುವುದಕ್ಕಿಂತ ಆಗಾಗ ಹಚ್ಚುವುದು ಯಂತ್ರಕ್ಕೆ ಹಿತ.

ಕಿವಿಗೆ ಸಲ್ಲುವುದು

ತೆಳ್ಳಗಿನ ಟಿವಿಯಲ್ಲಿ ಸ್ಪೀಕರಿಗೆ ಜಾಗವಿಲ್ಲ. ಇದ್ದದ್ದೂ ಕೆಳಗೆ ಅಥವಾ ಹಿಂದಕ್ಕೆ ಮುಖಮಾಡಿರುತ್ತದೆ. ಆದುದರಿಂದ ಮಾತು ಮಸುಕಾಗಿ ಕೇಳಿಸುತ್ತದೆ. ಆ ಮನೆಯ ಅಜ್ಜಿಯ ದೂರು ಅದೇ ಆಗಿತ್ತು: "ಸದ್ದು ಕೇಳ್ತದೆ, ಮಾತು ಕೇಳುವುದಿಲ್ಲ." ಸದ್ದು ಏರಿಸಿದರೆ ಮಗನ ಓದಿಗೆ ತೊಂದರೆ, ರಾತ್ರಿ ಪಾಳಿ ಮುಗಿಸಿ ಮಲಗಿದ ತಂದೆಯ ನಿದ್ದೆಗೂ ತೊಂದರೆ.

ಇಂತಹ ಮನೆಗೆ ನಾಲ್ಕು ಮೂಲೆಗೆ ಸ್ಪೀಕರ್ ಇಡುವ ಹೋಮ್ ಥಿಯೇಟರಿಗಿಂತ ಟಿವಿಯ ಕೆಳಗಿಡುವ ಒಂದು ಸಾಧಾರಣ ಸೌಂಡ್‌ಬಾರ್ ಹೆಚ್ಚು ಉಪಯುಕ್ತ. ಮಾತನ್ನು ಮಾತ್ರ ಎತ್ತಿಕೊಡುವ ವ್ಯವಸ್ಥೆ ಅದರಲ್ಲಿದೆಯೇ ಎಂದು ಅಂಗಡಿಯಲ್ಲೇ ಹಾಕಿಸಿ ಕೇಳಿ. ಟಿವಿಯಲ್ಲಿ 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ರಂಧ್ರಕ್ಕೇ ಅದನ್ನು ಜೋಡಿಸಬೇಕು. ಬೇರೆ ರಂಧ್ರಕ್ಕೆ ಜೋಡಿಸಿದರೆ ಟಿವಿಯ ಧ್ವನಿ ಬರುವುದಿಲ್ಲ. ಬ್ಲೂಟೂತ್‌ನಿಂದ ಜೋಡಿಸಿದರೆ ಧ್ವನಿ ತುಸು ತಡವಾಗಿ ಬರುತ್ತದೆ. ಆಟಕ್ಕೆ ಅದು ಆಗದು.

ಹಾಲ್‌ನ ನೆಲಕ್ಕೆ ಟೈಲ್ಸ್, ಬರಿಯ ಗೋಡೆ, ಗಾಜಿನ ಕಿಟಕಿ ಇದ್ದಲ್ಲಿ ಎಷ್ಟು ದುಬಾರಿ ಸ್ಪೀಕರ್ ತಂದರೂ ಮಾತು ಅನುರಣಿಸುತ್ತದೆ. ದಪ್ಪನೆಯ ಪರದೆ ಬಟ್ಟೆ, ನೆಲಕ್ಕೊಂದು ಜಮಖಾನ ಹಾಕಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ.

ಕಿವಿಗೆ ಹಾಕುವ ಹೆಡ್‌ಫೋನಿನ ಬಗ್ಗೆ ಒಂದು ಮಾತು. ವಾರಕ್ಕೆ 40 ಗಂಟೆ ಕೇಳುವುದಾದರೆ ಹಿರಿಯರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡ ಮಗನನ್ನು ಕೈಯಳತೆಯ ದೂರದಿಂದ ಸಹಜ ಸ್ವರದಲ್ಲಿ ಕರೆದಾಗ ಕೇಳಿಸದಿದ್ದರೆ ಸದ್ದು ಹೆಚ್ಚಾಗಿದೆ ಎಂದೇ ತಿಳಿಯಿರಿ.

ವಿದ್ಯುತ್, ಸಿಡಿಲು ಮತ್ತು ಮೂರನೆಯ ತಂತಿ

ಚೀಟಿಯಲ್ಲಿ ಇಲ್ಲದಿದ್ದರೂ ಎಲ್ಲಕ್ಕಿಂತ ಮುಖ್ಯವಾದುದು ಇದು. ಟಿವಿ ಸುಟ್ಟದ್ದು ಏಕೆಂದು ತಿಳಿಯದೆ ಹೊಸದು ತಂದರೆ ಅದೂ ಸುಡುವುದಿಲ್ಲವೇ? ನಮ್ಮ ಒತ್ತಾಯಕ್ಕೆ ಒಬ್ಬ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಲಾಯಿತು. ಆತ ಮೀಟರ್ ಹಿಡಿದು ನೋಡಿದಾಗ ಟಿವಿಯ ಸಾಕೆಟ್ಟಿನ ಮೇಲಿನ ದಪ್ಪ ರಂಧ್ರಕ್ಕೆ ತಂತಿಯೇ ಇರಲಿಲ್ಲ. ಮೂರು ಪಿನ್ನಿನ ಸಾಕೆಟ್ ಇತ್ತು, ಅರ್ತಿಂಗ್ ಇರಲಿಲ್ಲ. ಆ ಸಾಕೆಟ್ಟಿಗೆ ಅವರು ಹಣಕೊಟ್ಟು ಸರ್ಜ್ ಪ್ರೊಟೆಕ್ಟರ್ ಕೂಡ ಜೋಡಿಸಿದ್ದರು. ಅದು ಹೆಚ್ಚುವರಿ ವಿದ್ಯುತ್ತನ್ನು ಭೂಮಿಗೆ ಹರಿಸುವ ಉಪಕರಣ. ಭೂಮಿಗೆ ದಾರಿಯೇ ಇಲ್ಲದಾಗ ಅದು ಎಲ್ಲಿಗೆ ಹರಿಸಬೇಕು?

ಸರಿಯಾದ ಅರ್ತಿಂಗ್ ಇದ್ದಲ್ಲಿ ಫೇಸ್ ಮತ್ತು ಅರ್ತ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಮಾತ್ರ ಕಾಣಬೇಕು. ಈ ಪರೀಕ್ಷೆಯನ್ನು ತಾವೇ ಮಾಡಲು ಹೋಗದೆ ತಿಳಿದವರಿಂದ ಮಾಡಿಸಿ. ಐದು ನಿಮಿಷದ ಕೆಲಸ. ಉಳಿಯುವುದು ಟಿವಿ ಮಾತ್ರವಲ್ಲ, ಜೀವವೂ ಹೌದು.

ಸಿಡಿಲಿಗೆ ಪೂರ್ಣ ರಕ್ಷಣೆ ಕೊಡುವ ಪೆಟ್ಟಿಗೆ ಯಾವುದೂ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಪ್ಲಗ್ ಕಿತ್ತಿಡುವುದೇ ಉಪಾಯ. ಸ್ವಿಚ್ ಆರಿಸಿದರೆ ಸಾಲದು. ತಾರಸಿಯ ಮೇಲಿನ ಡಿಶ್‌ನಿಂದ ಬರುವ ಕೇಬಲನ್ನೂ ಕಳಚಬೇಕು. ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಕಂಪೆನಿಗಳ ವಾರಂಟಿ ಸಾಮಾನ್ಯವಾಗಿ ಸಿಡಿಲಿನ ಹಾನಿಗೆ ಅನ್ವಯಿಸುವುದಿಲ್ಲ.

ಸ್ಟೆಬಿಲೈಜರ್ ಬೇಕೇ ಎಂಬುದು ಹಲವರ ಪ್ರಶ್ನೆ. ಇಂದಿನ ಟಿವಿಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟ್ ತನಕ ತಾವೇ ಹೊಂದಿಕೊಳ್ಳುತ್ತವೆ. ಹಿಂಬದಿಯ ಚೀಟಿಯಲ್ಲಿ ಇದನ್ನು ಬರೆದಿರುತ್ತಾರೆ. ಹಾಗಿದ್ದರೆ ಸ್ಟೆಬಿಲೈಜರಿನ ಹಣವನ್ನು ಅರ್ತಿಂಗಿಗೆ ಹಾಕಿ. ಆದರೆ ಆಟದ ಯಂತ್ರಕ್ಕೆ ನಡುವೆ ಕರೆಂಟು ಹೋಗುವುದು ಕೆಡುಕು. ಬರೆಯುತ್ತಿದ್ದ ಮಾಹಿತಿ ಹಾಳಾಗಬಹುದು. ಸಣ್ಣ ಯುಪಿಎಸ್ ಇದ್ದರೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಸಮಯ ಸಿಗುತ್ತದೆ. ಯುಪಿಎಸ್ ಮೇಲಿನ ವಿಎ ಮತ್ತು ವ್ಯಾಟ್ ಒಂದೇ ಅಲ್ಲ. 600 ವಿಎ ಎಂದು ಬರೆದುದು ಸುಮಾರು 360 ವ್ಯಾಟ್ ಮಾತ್ರ ಕೊಡುತ್ತದೆ. ಟಿವಿಗೆ 140, ಯಂತ್ರಕ್ಕೆ 200, ಮೋಡೆಮ್‌ಗೆ 10 ಎಂದರೆ 350 ಆಯಿತು. ಆದುದರಿಂದ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ಕ್ಷೇಮ.

ಬಿಲ್ಲಿನ ಲೆಕ್ಕವೂ ಇದರಿಂದಲೇ ಸಿಗುತ್ತದೆ. 350 ವ್ಯಾಟ್ ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 21 ಯೂನಿಟ್. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ಮಿತಿಯಿದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. 185 ಯೂನಿಟ್ ಬಳಸುವ ಮನೆಗೆ ಈ 21 ಯೂನಿಟ್ ಸಣ್ಣದಲ್ಲ.

ಇಂಟರ್ನೆಟ್

4ಕೆ ಚಿತ್ರ ನೋಡಲು ನೆಟ್‌ಫ್ಲಿಕ್ಸ್ ಹೇಳುವ ವೇಗ 15 ಎಂಬಿಪಿಎಸ್. ಫುಲ್ ಎಚ್‌ಡಿಗೆ 5 ಸಾಕು. ಆದರೆ 4ಕೆ ಒಂದು ಗಂಟೆಗೆ ಸುಮಾರು 7 ಜಿಬಿ ನುಂಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿ ನಡೆಸುವ ಮನೆಗಳು ಇದನ್ನು ಗಮನಿಸಬೇಕು. 100 ಜಿಬಿಯ ಆಟವೊಂದನ್ನು 40 ಎಂಬಿಪಿಎಸ್‌ನಲ್ಲಿ ಇಳಿಸಲು ಐದೂವರೆ ಗಂಟೆ ಹಿಡಿಯುತ್ತದೆ. ನಿಮ್ಮ ಬೀದಿಗೆ ಫೈಬರ್ ಬಂದಿದೆಯೇ ಎಂದು ಮೊದಲು ನೆರೆಯವರಲ್ಲಿ ವಿಚಾರಿಸಿ. ಇಲ್ಲವಾದರೆ ಡಿಸ್ಕ್ ಇರುವ ಮಾದರಿಗೆ ಅದೂ ಒಂದು ಕಾರಣ.

ಹಳೆಯ ಟಿವಿ ಚೆನ್ನಾಗಿದ್ದು, ಅದರೊಳಗಿನ ಆ್ಯಪ್‌ಗಳು ಮಾತ್ರ ಕೆಲಸ ಮಾಡದಿದ್ದರೆ ಟಿವಿ ಬದಲಿಸಬೇಕಾಗಿಲ್ಲ. ಎಚ್‌ಡಿಎಂಐ ರಂಧ್ರಕ್ಕೆ ಸಿಕ್ಕಿಸುವ ಒಂದು ಸಣ್ಣ ಸ್ಟಿಕ್ ಸಾಕು. ಧರ್ಮಕೇಂದ್ರದ ಸಭಾಂಗಣಗಳನ್ನು ನೋಡಿಕೊಳ್ಳುವವರಿಗೆ ಒಂದು ಸೂಚನೆ: ಮನೆಯ ಚಂದಾದಲ್ಲಿ ಸಿಗುವ ಚಿತ್ರಗಳು ಮನೆಮಂದಿಯ ಖಾಸಗಿ ವೀಕ್ಷಣೆಗೆ ಮಾತ್ರ. ಅದನ್ನು ಸಭಾಂಗಣದಲ್ಲಿ ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇಕಾಗುತ್ತದೆ.

ಬೆಲೆ ಮತ್ತು ಕಂತು

32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 40,000 ರೂಪಾಯಿ ಇರುವ ಟಿವಿ ಮೊದಲು 51,200 ಆಗುತ್ತಿತ್ತು, ಈಗ 47,200 ಆಗಬೇಕು. 'ರಿಯಾಯಿತಿ' ಎಂದು ಅಂಗಡಿಯವರು ತೋರಿಸುವುದರಲ್ಲಿ ತೆರಿಗೆಯ ಇಳಿಕೆ ಎಷ್ಟು, ಅವರದೇ ಎಷ್ಟು ಎಂದು ಕೇಳುವ ಹಕ್ಕು ನಮಗಿದೆ.

ಬಡ್ಡಿಯಿಲ್ಲದ ಕಂತು ಎಂಬುದು ಇನ್ನೊಂದು ಆಕರ್ಷಣೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಎಲ್ಲಿಗೂ ಹೋಗಿರುವುದಿಲ್ಲ; ಸಂಸ್ಕರಣಾ ಶುಲ್ಕದಲ್ಲೋ, ಕೈಬಿಟ್ಟುಹೋದ ನಗದು ರಿಯಾಯಿತಿಯಲ್ಲೋ ಅಡಗಿರುತ್ತದೆ. "ಇವತ್ತೇ ಪೂರ್ತಿ ಹಣ ಕೊಟ್ಟರೆ ಎಷ್ಟು?" ಎಂದು ಕೇಳಿ. ಆ ಉತ್ತರಕ್ಕೂ ಕಂತುಗಳ ಒಟ್ಟು ಮೊತ್ತಕ್ಕೂ ಇರುವ ವ್ಯತ್ಯಾಸವೇ ಬಡ್ಡಿ.

ಜಿಎಸ್‌ಟಿ ಬಿಲ್ಲು ಇಲ್ಲದೆ ಏನನ್ನೂ ಕೊಳ್ಳಬೇಡಿ. ಮನೆಗೆ ತಂದ ಪೆಟ್ಟಿಗೆಯನ್ನು ತೆರೆಯುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿ. ಒಡೆದ ಪರದೆಯ ಜಗಳಗಳು ಹೆಚ್ಚಾಗಿ ಈ ಸಾಕ್ಷಿಯಿಲ್ಲದೆ ಸೋಲುತ್ತವೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಯಂತ್ರ ಬಂದ ಮೇಲೆ

ಯಂತ್ರವನ್ನು ಆರಿಸುವಷ್ಟೇ ಎಚ್ಚರಿಕೆಯಿಂದ ಅದನ್ನು ಇಡುವ ಜಾಗವನ್ನೂ ಆರಿಸಬೇಕು. ಮಲಗುವ ಕೋಣೆಯಲ್ಲಿ ಬೇಡ, ಹಾಲ್‌ನಲ್ಲೇ ಇರಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಹತ್ತು ದಾಟಿದವರಿಗೂ ನಿದ್ದೆ, ಓದು, ಹೊರಗಿನ ಆಟ ಇವು ಕಳೆದು ಉಳಿದ ಸಮಯ ಮಾತ್ರ ಪರದೆಗೆ ಸಲ್ಲಬೇಕು.

ಆಟದ ಪೆಟ್ಟಿಗೆಯ ಮೇಲೆ 3, 7, 12, 16, 18 ಎಂಬ ಅಂಕೆಗಳಿರುತ್ತವೆ. ಅದು ಆಟ ಕಷ್ಟವೋ ಸುಲಭವೋ ಎಂಬುದಲ್ಲ, ಯಾವ ವಯಸ್ಸಿನವರಿಗೆ ತಕ್ಕುದು ಎಂಬುದು. ಆಟದ ಯಂತ್ರದೊಳಗೇ ಹೆತ್ತವರ ಖಾತೆ ತೆರೆದು ದಿನಕ್ಕೆ ಎಷ್ಟು ಹೊತ್ತು, ಯಾವ ವಯಸ್ಸಿನ ಆಟ, ಎಷ್ಟು ಖರ್ಚು ಎಂದು ಮಿತಿ ಹಾಕಬಹುದು. ಪೆಟ್ಟಿಗೆ ತೆರೆದ ದಿನವೇ ಇದನ್ನು ಮಾಡಬೇಕು. ಬ್ಯಾಂಕಿನ ಕಾರ್ಡಿನ ವಿವರವನ್ನು ಅದರಲ್ಲಿ ಉಳಿಸಿಡಬೇಡಿ.

ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ ಅಂಗೀಕಾರವಾದ ಕಾನೂನಿನ ಮೂಲಕ ನಿಷೇಧಿಸಿದೆ. ಅಂತಹ ಆಟಕ್ಕೆ ಮಗ ಹಣ ಕೇಳಿದರೆ ಅದು ಆಟವಲ್ಲ, ಜೂಜು ಎಂದು ತಿಳಿಹೇಳಿ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ತಿಂಗಳುಗಟ್ಟಲೆ ಮುಂದುವರಿದರೆ ಅದೊಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಹೇಳುತ್ತದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಷಟ್' ಎಂಬ ಹೆಸರಿನ ಚಿಕಿತ್ಸಾಲಯ ತೆರೆದಿತ್ತು. ಬೈದು ಬಡಿದು ಯಂತ್ರ ಒಡೆದುಹಾಕುವ ಬದಲು ವೈದ್ಯರ ಸಲಹೆ ಪಡೆಯುವುದು ಲೇಸು.

ಸುಟ್ಟ ಟಿವಿ ಎಲ್ಲಿಗೆ?

ಆ ಮನೆಯ ಹಿತ್ತಲಲ್ಲಿ ಸುಟ್ಟ ಟಿವಿಯ ಪಕ್ಕದಲ್ಲೇ ಹಳೆಯ ಡಬ್ಬದಂತಹ ಟಿವಿಯೊಂದೂ ಇತ್ತು. ಗುಜರಿಯವನಿಗೆ ಕೊಡುವುದೆಂದು ಇಟ್ಟಿದ್ದರು. ಡಬ್ಬದ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ. ಟ್ಯೂಬ್ ದೀಪ ಬಳಸುತ್ತಿದ್ದ ಹಳೆಯ ಎಲ್‌ಸಿಡಿಗಳಲ್ಲಿ ಪಾದರಸ. ಗುಜರಿಯಲ್ಲಿ ಒಡೆದು ತಾಮ್ರಕ್ಕಾಗಿ ತಂತಿ ಸುಟ್ಟರೆ ವಿಷ ಅಲ್ಲಿಯ ಮಣ್ಣಿಗೆ, ಒಡೆಯುವವನ ಉಸಿರಿಗೆ ಸೇರುತ್ತದೆ.

ಇದೇ ಜಿಲ್ಲೆಯ ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ, ಇಲೆಕ್ಟ್ರಾನಿಕ್ ಕಸವನ್ನು ಕ್ರಮಬದ್ಧವಾಗಿ ಬಿಡಿಸಿ ಮರುಬಳಕೆಗೆ ಕೊಡಲು ಸರಕಾರದಿಂದ ಅಧಿಕೃತ ಮನ್ನಣೆ ಪಡೆದ ದೇಶದ ಮೊದಲ ಘಟಕ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ತಾವು ಮಾರಿದ ವಸ್ತುಗಳ ಕಸದ ಹೊಣೆ ತಯಾರಕರದೇ. ಹೊಸದು ಕೊಳ್ಳುವಾಗ ಹಳೆಯದನ್ನು ಅಧಿಕೃತ ಸಂಗ್ರಹಕ್ಕೆ ಒಪ್ಪಿಸುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ. ಧರ್ಮಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ಇಂತಹ ವಸ್ತುಗಳನ್ನು ಒಟ್ಟುಗೂಡಿಸಿ ಅಧಿಕೃತ ಘಟಕಕ್ಕೆ ಕಳುಹಿಸುವ ಕೆಲಸವನ್ನು ಯುವಜನರು ವಹಿಸಿಕೊಳ್ಳಬಹುದು.

ಕೊನೆಗೆ ಆ ಮನೆಯವರು ಏನು ಮಾಡಿದರು ಎಂಬುದನ್ನೂ ಹೇಳಬೇಕು. ಚೀಟಿಗೆ ಸಹಿ ಹಾಕಲಿಲ್ಲ. ಮೊದಲು ಅರ್ತಿಂಗ್ ಮಾಡಿಸಿದರು. ನಗದು ಕೊಟ್ಟು 55 ಇಂಚಿನ ಸಾಧಾರಣ ಟಿವಿ, ಅಜ್ಜಿಗಾಗಿ ಒಂದು ಸೌಂಡ್‌ಬಾರ್ ತಂದರು. ಆಟದ ಯಂತ್ರದ ಮಾತು ಬಂದಾಗ ಮಗನ ಮುಖ ಸಪ್ಪಗಾದುದನ್ನು ನಾವು ನೋಡಿದೆವು. ಆದರೆ ಅವನೇ ಒಂದು ಲೆಕ್ಕ ಹಾಕಿದ: ಹತ್ತನೇ ತರಗತಿ ಮುಗಿಯುವ ತನಕ ಕಾಯುವುದು, ಆಮೇಲೆ ಓದಿಗೂ ಆಟಕ್ಕೂ ಆಗುವ ಒಂದು ಕಂಪ್ಯೂಟರ್. ತಂದೆ ಅದಕ್ಕೆಂದು ತಿಂಗಳಿಗೆ ಇಷ್ಟು ಎಂದು ಬೇರೆ ಖಾತೆಯಲ್ಲಿ ಇಡಲು ಒಪ್ಪಿದರು. ಕಂತು ಕಟ್ಟುವ ಬದಲು ಕಂತು ಕೂಡಿಸುವುದು!

ಮುಂದಿನ ಭೇಟಿಯಲ್ಲಿ ಅಜ್ಜಿ ಟಿವಿಯ ಸದ್ದು ತಗ್ಗಿಸಿಯೇ ವಾರ್ತೆ ಕೇಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಪಾಳಿ ಮುಗಿಸಿ ಬಂದ ಮಗ ಮಲಗಿದ್ದರು. ದೂರದಲ್ಲಿ ಗುಡುಗು ಕೇಳಿಸಿದಾಗ ಮೊಮ್ಮಗ ಯಾರೂ ಹೇಳದೆಯೇ ಎದ್ದುಹೋಗಿ ಪ್ಲಗ್ ಕಿತ್ತಿಟ್ಟ.